ತರಕಾರಿಗೆ ಬೆಲೆ ಕಟ್ಟದ ಒಂದು ತೋಟದ ಚರಿತ್ರೆ



ಎಂಟನೇ ತರಗತಿಯಲ್ಲಿ ಸಾವಯವ ಕೃಷಿಯ ಬಗ್ಗೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ವಿಷ ಹೊಡೆಯದೆ ಬೆಳೆದು ನಷ್ಟ ಆದರೆ ದುಡ್ಡು ಯಾರು ಕೊಡುವುದು?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ವಿಷವೆಂದರೇನು ಎಂದು ನಮ್ಮ ಕಾಸರಗೋಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 2000ದವರೆಗೆ ಇಲ್ಲಿಯ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯಂಥ ಊರುಗಳ ನೋವು ಇನ್ನೂ ಮುಗಿದಿಲ್ಲ. ಆದರೆ ಹುಡುಗ ಕೇಳಿದ್ದು ಖರ್ಚಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದವರ ಕಥೆಯನ್ನು ಮರುದಿನ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1924ರ ಜೂನ್ ತಿಂಗಳು. ಆಗ ಜರ್ಮನಿಯಲ್ಲಿದ್ದ ಕೋಬರ್‌ವಿಟ್ಸ್ ಎಂಬ ಊರಿನ ಜಮೀನ್ದಾರರ ಮನೆಯಲ್ಲಿ ಚಿಂತಕ ರುಡಾಲ್ಫ್ ಸ್ಟೈನರ್ ಕೃಷಿಯ ಬಗ್ಗೆ ಎಂಟು ಉಪನ್ಯಾಸ ಕೊಟ್ಟರು. ಬೀಜದ ಸತ್ವ ಕುಂದುತ್ತಿದೆ, ಜಾನುವಾರುಗಳ ಆರೋಗ್ಯ ಕೆಡುತ್ತಿದೆ ಎಂದು ರೈತರು ಕೇಳಿಕೊಂಡದ್ದೇ ಅದಕ್ಕೆ ಕಾರಣ. (ಎರಡನೇ ಮಹಾಯುದ್ಧದ ನಂತರ ಆ ಊರು ಪೋಲೆಂಡಿಗೆ ಸೇರಿತು, ಹೆಸರೂ ಬದಲಾಯಿತು. ಗಡಿಯವರಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ!)

ತೋಟವೆಂದರೆ ಒಂದು ಜೀವಿಯಿದ್ದಂತೆ. ಹಸು, ಗೊಬ್ಬರ, ಮೇವು, ಬೆಳೆ ಎಲ್ಲವೂ ಆದಷ್ಟು ಅಲ್ಲಿಯೇ ಹುಟ್ಟಬೇಕು ಎಂಬುದು ಅವರ ಮಾತಿನ ಸಾರ. ಮುಂದೆ ಇದಕ್ಕೆ ಬಯೋಡೈನಾಮಿಕ್ ಕೃಷಿ ಎಂಬ ಹೆಸರು ಬಂತು. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲ ಪೂರ್ತಿ ಮಣ್ಣಲ್ಲಿ ಹೂತಿಟ್ಟು, ಆಮೇಲೆ ಚಿಟಿಕೆಯಷ್ಟನ್ನು ಒಂದು ಗಂಟೆ ನೀರಿನಲ್ಲಿ ಕದಡಿ ಹೊಲಕ್ಕೆ ಚಿಮುಕಿಸುವ ಪದ್ಧತಿಯೂ ಇದರಲ್ಲಿದೆ. ಕೊಂಬಿನ ಮಹಿಮೆಯನ್ನು ವಿಜ್ಞಾನ ಒಪ್ಪಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಆದರೆ ಹಟ್ಟಿಗೊಬ್ಬರ ಮತ್ತು ಬೆಳೆ ಬದಲಾವಣೆಯ ಗುಣ ನಮ್ಮ ಹಿರಿಯರಿಗೂ ಗೊತ್ತಿತ್ತು.

ಇನ್ನು ಖರ್ಚಿನ ವಿಚಾರ. ಜರ್ಮನಿಯ ಬುಷ್‌ಬೆರ್ಗ್‌ಹೋಫ್ ಎಂಬ ತೋಟದವರು 1968ರಲ್ಲಿ ಭೂಮಿಯನ್ನು ಲಾಭರಹಿತ ಸಂಸ್ಥೆಯೊಂದಕ್ಕೆ ಒಪ್ಪಿಸಿಬಿಟ್ಟರು. ಮಾರಾಟವೂ ಇಲ್ಲ, ಪಾಲೂ ಇಲ್ಲ. ಅಲ್ಲಿ ದುಡಿದ ಟ್ರೌಗರ್ ಗ್ರೋ ಮುಂದೆ ಅಮೆರಿಕಕ್ಕೆ ಹೋಗಿ, 1986ರಲ್ಲಿ ಆಂಥನಿ ಗ್ರಹಾಂ ಮತ್ತು ಲಿಂಕನ್ ಗೈಗರ್ ಜೊತೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಟೆಂಪಲ್-ವಿಲ್ಟನ್ ಸಮುದಾಯ ತೋಟ ಶುರು ಮಾಡಿದರು.

ಅಲ್ಲಿ ದಿನನಿತ್ಯದ ಕೆಲಸ ನಮ್ಮದೇ. ಹಾಲು ಕರೆಯಬೇಕು, ಗೊಬ್ಬರ ಹೊರಬೇಕು, ಕಳೆ ಕೀಳಬೇಕು. ಹೊಸತು ಇರುವುದು ಲೆಕ್ಕದಲ್ಲಿ. ವರ್ಷಕ್ಕೊಮ್ಮೆ ಸದಸ್ಯರ ಮನೆಯವರೆಲ್ಲ ಸಭೆ ಸೇರುತ್ತಾರೆ. ರೈತರ ಜೀವನವೆಚ್ಚವೂ ಸೇರಿ ಇಡೀ ವರ್ಷದ ಖರ್ಚನ್ನು ಅವರ ಮುಂದಿಡುತ್ತಾರೆ. ಪ್ರತಿಯೊಂದು ಮನೆಯೂ ತನ್ನಿಂದಾಗುವಷ್ಟು ಕೊಡಲು ಒಪ್ಪಿಕೊಳ್ಳುತ್ತದೆ. ಮೊತ್ತ ತುಂಬದಿದ್ದರೆ ಮತ್ತೊಂದು ಸುತ್ತು! ಆಮೇಲೆ ಟೊಮೆಟೊಗೆ ಇಷ್ಟು, ಕ್ಯಾರೆಟ್‌ಗೆ ಇಷ್ಟು ಎಂಬ ಬೆಲೆಯಿಲ್ಲ. ಬೆಳೆದದ್ದನ್ನು ಹಂಚಿಕೊಳ್ಳುವುದು. ಹೆಚ್ಚು ಕೊಟ್ಟವರಿಗೆ ಹೆಚ್ಚು ತರಕಾರಿ ಎಂಬ ನಿಯಮವೂ ಇಲ್ಲ. ಬೆಳೆ ಕೈಕೊಟ್ಟರೆ ನಷ್ಟ ಎಲ್ಲರದು. 1988ರಲ್ಲಿ ಬುಷ್‌ಬೆರ್ಗ್‌ಹೋಫ್ ಕೂಡ ಇದೇ ದಾರಿ ಹಿಡಿಯಿತು. ಗ್ರೋ 2016ರಲ್ಲಿ ತೀರಿಕೊಂಡರು. ಅವರು ಕಟ್ಟಿದ ತೋಟ ಮೂರು ದಶಕ ದಾಟಿ ನಡೆದುಬಂದಿದೆ.

ಇದು ನಮ್ಮಲ್ಲಿ ನಡೆಯುತ್ತದೆಯೇ? ಅಡಿಕೆಯಲ್ಲಂತೂ ಕಷ್ಟ. ನಾವು ಬೆಳೆದ ಅಡಿಕೆ ತಿನ್ನುವವನು ಎಲ್ಲೋ ದೂರದಲ್ಲಿದ್ದಾನೆ, ಅವನ ಮುಖ ನಮಗೆ ಗೊತ್ತಿಲ್ಲ. ಆದರೆ ಬಸಳೆ, ತೊಂಡೆ, ಅಲಸಂಡೆ, ಹಾಲು ತಿನ್ನುಣ್ಣುವವರು ನೆರೆಕರೆಯವರೇ. ಅವರಲ್ಲಿ ನನ್ನಂಥ ಸಂಬಳದವರೂ ಇದ್ದಾರೆ. ವಿಷವಿಲ್ಲದ ತರಕಾರಿ ಬೇಕೆಂದು ಸಂತೆಯಲ್ಲಿ ಉಪದೇಶ ಮಾಡುತ್ತೇವೆ, ಐದು ರೂಪಾಯಿ ಹೆಚ್ಚು ಹೇಳಿದರೆ ಚೌಕಾಸಿಗೆ ನಿಲ್ಲುತ್ತೇವೆ. ಈ ಕಥೆ ಓದಿದ ಮೇಲೆ ನನಗೇ ನಾಚಿಕೆಯಾಯಿತು.

ಆ ಹುಡುಗನಿಗೆ ಕೊಟ್ಟ ಉತ್ತರ ಇಷ್ಟೇ: "ತಿನ್ನುವವರು ಕೊಡಬೇಕು ಮಗಾ. ಅದೂ ಬಿತ್ತುವ ಮೊದಲೇ."

ಅವನು ಸುಮ್ಮನೆ ಕೂರಲಿಲ್ಲ. "ಹಾಗಾದರೆ ಸರ್, ನೀವು ಎಷ್ಟು ಕೊಡುತ್ತೀರಿ?" ಎಂದ.

ಈ ಮಳೆಗಾಲಕ್ಕೆ ಮೊದಲು ಅವನ ಅಪ್ಪನನ್ನು ಕಂಡು ಮಾತಾಡಬೇಕೆಂದಿದ್ದೇನೆ. ನೀವೇನನ್ನುತ್ತೀರಿ?