ಹಳೇ ಸಿಮ್ಯುಲೇಟರಿನಾಗ ಇನ್ನೂ ತೆರೆದಿರೋ ಏರ್‌ಪೋರ್ಟ್

ಮರೆತ ಇತಿಹಾಸ, ಭಾಗ 7

2008ರ ಮೇ 24. ಬೆಂಗಳೂರಿನ ಹಳೇ ಎಚ್‌ಎಎಲ್ ಏರ್‌ಪೋರ್ಟಿನಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ದಿನ. ಹಳೇ ರನ್‌ವೇ ಈಗಲೂ ಐತಿ, ಆದ್ರ ಅಲ್ಲಿ ಇಳಿಯೋದು ಮಿಲಿಟರಿ ವಿಮಾನ, ಪರೀಕ್ಷಾ ಹಾರಾಟ, ವಿಐಪಿಗಳು. ಟಿಕೆಟ್ ತಗೊಂಡು ಹೋಗೋ ನಮ್ಮಂಥವರಿಗೆ ಅದು ಮುಚ್ಚಿದ ಬಾಗಿಲು.

ಒಂದು ಕಡೆ ಮಾತ್ರ ಅದು ಇನ್ನೂ ಮುಚ್ಚಿಲ್ಲ ನೋಡ್ರಿ: 2003ರ ಜುಲೈನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2004.

ಈ ಆಟದ ಮೂಲ ಇನ್ನೂ ಹಳೇದು. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಮಾಡಿದ್ದು, 1982ರಲ್ಲಿ ಮೈಕ್ರೋಸಾಫ್ಟ್ ಹೆಸರಲ್ಲಿ ಐಬಿಎಂ ಪಿಸಿಗೆ ಬಂತು. 2004ರ ಆವೃತ್ತಿ ಬಂದದ್ದು ರೈಟ್ ಸಹೋದರರ ಹಾರಾಟಕ್ಕೆ ನೂರು ವರ್ಷ ತುಂಬಿದ ನೆನಪಿಗೆ. ಅದು ಬಂದ ಮುಂದಿನ ತಿಂಗಳೇ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಶುರು ಮಾಡ್ತು. ಅಂದ್ರ ಈ ಆಟದಾಗಿರೋದು, ಮಧ್ಯಮ ವರ್ಗ ವಿಮಾನ ಹತ್ತೋಕೆ ಶುರು ಮಾಡಿದ ಆ ಹೊತ್ತಿನ ಕರ್ನಾಟಕ. ದೇವನಹಳ್ಳಿ ಏರ್‌ಪೋರ್ಟ್ ಇಲ್ಲ, ಬರೀ ಹೊಲ. ಮಂಗಳೂರಿನ 2006ರ ಹೊಸ ರನ್‌ವೇ ಇಲ್ಲ. ನಮಗೆ ಹತ್ತಿರದ ಹುಬ್ಬಳ್ಳಿಗೆ 2017ರಲ್ಲಿ ಬಂದ ದೊಡ್ಡ ರನ್‌ವೇ ಇಲ್ಲ. ಕಲಬುರಗಿ, ಶಿವಮೊಗ್ಗ ಏರ್‌ಪೋರ್ಟುಗಳಂತೂ ದೂರದ ಮಾತು.

ಬಿಕಾಂನವರಿಗೆ ಇದು ತಟ್ಟಂತ ತಿಳೀತದ. ಬ್ಯಾಲೆನ್ಸ್ ಶೀಟ್ ಮೇಲೆ ಒಂದು ತಾರೀಖು ಇರ್ತದಲ್ಲ, ಆ ದಿನಕ್ಕೆ ಏನಿತ್ತೋ ಅದಷ್ಟೇ ಲೆಕ್ಕ. ಈ ಆಟ 2003ರ ಆಕಾಶದ ಬ್ಯಾಲೆನ್ಸ್ ಶೀಟ್. 2020ರ ಹೊಸ ಸಿಮ್ಯುಲೇಟರ್ ಹಂಗಲ್ಲ. ಅದು ಉಪಗ್ರಹ ಚಿತ್ರಗಳನ್ನ ಇಂಟರ್ನೆಟ್ಟಿನಿಂದ ತರಿಸಿಕೊಳ್ತದ, ನೋಡೋಕೆ ಭಾರಿ ಚೆಂದ. ಆದ್ರ ಚಿತ್ರ ಬದಲಾದಾಗ ಹಳೇದರ ಮೇಲೆ ಹೊಸದು ಕೂರ್ತದ. ಹೋದ ವರ್ಷದ ಪುಟ ಉಳಿಯಲ್ಲ.

ಹಂಗಾದ್ರ ಹಳೇದನ್ನ ಈಗಿನ ಲ್ಯಾಪ್‌ಟಾಪಿನಾಗ ಹಾಕಬಹುದಾ? ಅಲ್ಲೇ ತೊಡಕು. ಅದು ಬಂದದ್ದು 4 ಸಿಡಿಗಳಲ್ಲಿ, ಈಗಿನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವೇ ಇರಲ್ಲ. ಡ್ರೈವ್ ಹೊಂದಿಸಿದರೂ, ಆ ಕಾಲದ ಆಟಗಳ ಸಿಡಿಯಲ್ಲಿದ್ದ ಸೇಫ್‌ಡಿಸ್ಕ್ ಎಂಬ ಕಾವಲನ್ನ 2015ರ ವಿಂಡೋಸ್ 10ರಿಂದ ಭದ್ರತೆಯ ಕಾರಣಕ್ಕೆ ಕೈಬಿಟ್ಟಾರ. ಕಳ್ಳರಿಗೆ ಹಾಕಿದ ಬೀಗ ಈಗ ಮನೆಯವರನ್ನೇ ಹೊರಗೆ ನಿಲ್ಲಿಸ್ತದ. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನ ನಸೀಬು ಚಲೋ: ಅದನ್ನ ಮಾಡಿದ ತಂಡವನ್ನ 2009ರಲ್ಲಿ ಮುಚ್ಚಿದರೂ, 2014ರ ಡಿಸೆಂಬರಿನಲ್ಲಿ ಸಿಡಿ ಬೇಡದ ರೂಪದಲ್ಲಿ ಸ್ಟೀಮ್‌ಗೆ ಬಂತು. ಅದರಾಗೂ ಬೆಂಗಳೂರು ಅಂದ್ರ ಎಚ್‌ಎಎಲ್ಲೇ. ಅದು 32 ಬಿಟ್ ಪ್ರೋಗ್ರಾಂ. ನಿಮ್ಮ ಲ್ಯಾಪ್‌ಟಾಪಿನಾಗ 16 ಜಿಬಿ ರ‍್ಯಾಮ್ ಇದ್ರೂ 4 ಜಿಬಿಗಿಂತ ಹೆಚ್ಚು ಬಳಸಲ್ಲ.

ನಮ್ಮ ಕಡೆ ಇತಿಹಾಸ ಅಂದ್ರ ಶಾಸನ, ವೀರಗಲ್ಲು, ಗುಡಿ. ಕಲ್ಲು ಸಾವಿರ ವರ್ಷ ತಾಳ್ತದ. ಇಪ್ಪತ್ತು ವರ್ಷದ ಸಿಡಿಯನ್ನ ಓದೋಕೆ ಆಗಲೇ ಒದ್ದಾಟ. ನಮ್ಮ ಕಾಲದ ಶಾಸನ ಇಂಥವೇ ಆದ್ರ, ಓದೋ ಯಂತ್ರವನ್ನೂ ಕಾಯಬೇಕಾಗ್ತದ.

ಮನ್ಯಾಗ ಅಣ್ಣಂದೋ ಕಾಕಾಂದೋ ಹಳೇ ಸಿಡಿ ಇದ್ರ ಗುಜರಿಗೆ ಹಾಕಬ್ಯಾಡ್ರಿ. ಮೊದಲು ಒಂದು ಕಾಪಿ ಇಟ್ಕೊಳ್ರಿ. ಯಾವ ಆಟ ಸಿಕ್ತು ಅಂತ ಕಾಮೆಂಟಿನಾಗ ಹೇಳ್ರಿ.

#ಮರೆತಇತಿಹಾಸ #ಅಸೂಟಿ #ರೋಣ #ಹಳೇಏರ್‌ಪೋರ್ಟ್