ಉಗುರು ತೆಗೆಯುವ ಕೈ

ಹದವಾಗಿ ಕಾದ ನೀರಿಗೆ ನಮ್ಮ ಭಾಷೆ ‘ಉಗುರುಬೆಚ್ಚನೆಯ ನೀರು’ ಎಂದು ಹೆಸರಿಟ್ಟಿದೆ. ಮನೆಯಲ್ಲಿಯೇ ಉಗುರನ್ನು ಓರಣಗೊಳಿಸಿಕೊಳ್ಳುವವರು ಮೊದಲು ಬೆರಳು ನೆನೆಸುವುದೂ ಅಂಥ ನೀರಿನಲ್ಲಿಯೇ. ನೆಂದ ಉಗುರು ಸೀಳದೆ ಕತ್ತರಿಗೆ ಒಗ್ಗುತ್ತದೆ. ಬುಡದ ಚರ್ಮ ಮೆದುವಾಗುತ್ತದೆ. ಇಷ್ಟು ಸರಳವಾದ ಕೆಲಸವನ್ನು ತನ್ನ ಕೈಯಿಂದ ತಾನೇ ಮಾಡಿಕೊಳ್ಳುತ್ತಿದ್ದವರು ಹಿಂದೆ ಯಾರು ಎಂಬ ಪ್ರಶ್ನೆ ಮಾತ್ರ ಸರಳವಲ್ಲ.

ಚರಕಸಂಹಿತೆ ಪಕ್ಷಕ್ಕೆ ಮೂರು ಬಾರಿ, ಎಂದರೆ ಸುಮಾರು ಐದು ದಿನಕ್ಕೊಮ್ಮೆ, ಕೂದಲು ಉಗುರುಗಳನ್ನು ತೆಗೆಸಬೇಕೆಂದು ವಿಧಿಸುತ್ತದೆ. ಮೂಲದ ಕ್ರಿಯಾಪದವೂ ಪ್ರೇರಣಾರ್ಥಕವೇ ಎಂಬುದನ್ನು ನಾನು ವ್ಯಾಕರಣದ ಚಪಲದಿಂದ ಹೇಳುತ್ತಿಲ್ಲ. ವಾತ್ಸ್ಯಾಯನನಂತೂ ಒಳ್ಳೆಯ ಉಗುರಿಗೆ ಎಂಟು ಗುಣಗಳನ್ನೆಣಿಸಿದ್ದಾನೆ: ಸಮವಾಗಿರಬೇಕು, ಹೊಳೆಯಬೇಕು, ಕೊಳೆಯಿರಬಾರದು, ಸೀಳಿರಬಾರದು, ಹೀಗೆ. ಗೌಡದೇಶದವರದು ನೀಳವಾದ ಉಗುರು, ದಾಕ್ಷಿಣಾತ್ಯರದು ಗಿಡ್ಡ, ಮಹಾರಾಷ್ಟ್ರದವರದು ಮಧ್ಯಮ ಎಂದೂ ಅವನ ವಿಂಗಡಣೆ. ಆ ಉಗುರುಗಳ ಉಪಯೋಗವನ್ನು ಅವನು ವಿವರಿಸುವ ಭಾಗ ಆಕಾಶವಾಣಿಗೆ ತಕ್ಕುದಲ್ಲ, ಬಿಡೋಣ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಕ್ಷೌರಿಕನದಾಗಿತ್ತು. ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬನಾಗಿದ್ದ. ಜಗಲಿಗೆ ಬಂದು ಕೂದಲು ತೆಗೆದು, ಚಿಕ್ಕ ಕತ್ತಿಯಿಂದ ಉಗುರು ತೆಗೆದು ಹೋಗುತ್ತಿದ್ದ. ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ ಪಡೆಯುತ್ತಿದ್ದ.

ಹೆಂಗಸರು ಮಾತ್ರ ತಮ್ಮ ಉಗುರಿನ ಅಲಂಕಾರವನ್ನು ಮನೆಯಲ್ಲಿಯೇ ನಡೆಸಿಕೊಂಡು ಬಂದರು. ಅಮೆರಿಕದ ಕ್ಯೂಟೆಕ್ಸ್ ಕಂಪನಿ 1911ರಲ್ಲಿ ಉಗುರಿನ ಬುಡದ ಚರ್ಮ ಮೆದುವಾಗಿಸುವ ದ್ರವವನ್ನು ಸೀಸೆಯಲ್ಲಿ ತುಂಬಿ ಮಾರತೊಡಗಿತು. ಅದಕ್ಕೆ ಬಹಳ ಹಿಂದಿನಿಂದಲೂ ಇಲ್ಲಿ ಗೋರಂಟಿಯ ಸೊಪ್ಪನ್ನು ಅರೆದು ಬೆರಳ ತುದಿಗೆ ಮೆತ್ತಿಕೊಂಡು ರಾತ್ರಿ ಮಲಗುವ ರೂಢಿಯಿತ್ತು. ಅಂಗೈಯ ಬಣ್ಣ ಒಂದೆರಡು ವಾರದಲ್ಲಿ ಮಾಸುತ್ತದೆ. ಉಗುರಿನದು ಹಾಗಲ್ಲ. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್; ಆಷಾಢದಲ್ಲಿ ಹಚ್ಚಿದ ಕೆಂಪು ದೀಪಾವಳಿಯ ಹೊತ್ತಿಗೂ ತುದಿಯಲ್ಲಿ ಚಂದ್ರರೇಖೆಯಂತೆ ಉಳಿದಿರುತ್ತದೆ.

ತಮ್ಮ ಉಗುರನ್ನು ತಾವೇ ತೆಗೆದುಕೊಂಡ ಇನ್ನೊಂದು ವರ್ಗವಿದೆ. ಯಾವ ಶಾಸ್ತ್ರಗ್ರಂಥವೂ ಅವರ ಉಗುರಿನ ಗುಣಗಳನ್ನೆಣಿಸಲಿಲ್ಲ. ಊರ ಕ್ಷೌರಿಕ ಅಸ್ಪೃಶ್ಯರೆನಿಸಿದವರ ಕೇರಿಗೆ ಹೋಗುತ್ತಿರಲಿಲ್ಲ. ಹೋದರೆ ಉಳಿದ ಮನೆಯವರು ತನ್ನನ್ನು ಜಗಲಿಗೆ ಸೇರಿಸರು, ಆಯ ತಪ್ಪುವುದು ಎಂಬ ಭಯ ಅವನಿಗಿತ್ತು. ಆದ್ದರಿಂದ ಅಪರಾಧವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಕೇರಿಯವರು ಒಬ್ಬರಿಗೊಬ್ಬರು ಕೂದಲು ತೆಗೆದುಕೊಂಡರು, ಕೈಗೆ ಸಿಕ್ಕ ಅಲಗಿನಿಂದ ಉಗುರು ಕತ್ತರಿಸಿಕೊಂಡರು. ನಾವು ಇಂದು ಸ್ವಾವಲಂಬನೆ ಎಂದು ಮೆಚ್ಚುವ ಅಭ್ಯಾಸ ಅವರ ಪಾಲಿಗೆ ಬಹಿಷ್ಕಾರದ ಫಲವಾಗಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಂಥ ಸೇವಾನಿರಾಕರಣೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ದಲಿತರಿಗೆ ಕ್ಷೌರ ನಿರಾಕರಿಸಿದರೆಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನೂ ನಿಂತಿಲ್ಲ.