ಕೊಲೆಗಾರ ತಪ್ಪಿಸಿಕೊಳ್ಳಬಾರದು

ಪರಭಾಷೆಯ ಅಪರಾಧ ಚಿತ್ರವೊಂದನ್ನು ಹಾಲಿವುಡ್ ಮತ್ತೆ ತೆಗೆದಾಗ ಊರು, ಭಾಷೆ, ನಟರು ಬದಲಾಗುವುದು ಸಹಜ. ಆದರೆ ಇಂಥ ರೀಮೇಕ್‌ಗಳನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದರೆ ಕತ್ತರಿ ಮತ್ತೆ ಮತ್ತೆ ಬಿದ್ದಿರುವುದು ಕೊನೆಯ ರೀಲಿನ ಮೇಲೆ. ಆ ರೀಲನ್ನು ತಿದ್ದಿದ್ದು ಕಥೆಯ ಅಗತ್ಯವಲ್ಲ, ಚಿತ್ರದ ಬಿಡುಗಡೆ ಯಾರ ಕೈಯಲ್ಲಿತ್ತೋ ಅವರ ಅಗತ್ಯ. 1937ರ ಫ್ರೆಂಚ್ ಚಿತ್ರ ‘ಪೆಪೆ ಲ ಮೊಕೊ’ದಲ್ಲಿ ಅಲ್ಜಿಯರ್ಸಿನ ಕಳ್ಳ ಪೆಪೆ ಬಂದರಿನ ಗೇಟಿನ ಬಳಿ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾನೆ. ಮರುವರ್ಷ ಬಂದ ‘ಅಲ್ಜಿಯರ್ಸ್’ ಮೂಲವನ್ನು ಬಹುಪಾಲು ದೃಶ್ಯಕ್ಕೆ ದೃಶ್ಯ ಅನುಸರಿಸಿದರೂ ಅದರಲ್ಲಿ ಪೆಪೆ ಸಾಯುವುದು ಪೊಲೀಸರ ಗುಂಡಿಗೆ.

ಹಾಲಿವುಡ್ ತನ್ನ ಮೇಲೆ ತಾನೇ ಹೇರಿಕೊಂಡು 1934ರಿಂದ ಬಿಗಿಯಾಗಿ ಜಾರಿಗೆ ತಂದ ಪ್ರೊಡಕ್ಷನ್ ಕೋಡ್ ಆಗ ಆಳುತ್ತಿತ್ತು. ಅಪರಾಧಿಯ ಮೇಲೆ ಪ್ರೇಕ್ಷಕನಿಗೆ ಮರುಕ ಹುಟ್ಟಬಾರದು, ಕಾನೂನು ನಗೆಪಾಟಲಾಗಬಾರದು ಎಂಬುದು ಅದರ ಪಟ್ಟು. ಜ್ಯಾಂ ರೆನ್ವಾರ್ 1931ರಲ್ಲಿ ತೆಗೆದ ‘ಲಾ ಶಿಯೆನ್’ ಚಿತ್ರದ ಗುಮಾಸ್ತ ಕೊಲೆ ಮಾಡಿಯೂ ಬಚಾವಾಗುತ್ತಾನೆ, ಮರಣದಂಡನೆಗೆ ಗುರಿಯಾಗುವವನು ಇನ್ನೊಬ್ಬ. ಗುಮಾಸ್ತ ಅಲೆಮಾರಿಯಾಗಿ ನಗುನಗುತ್ತಲೇ ಉಳಿಯುತ್ತಾನೆ. ಅದೇ ಕಥೆಯನ್ನು 1945ರಲ್ಲಿ ‘ಸ್ಕಾರ್ಲೆಟ್ ಸ್ಟ್ರೀಟ್’ ಮಾಡಿದ ಫ್ರಿಟ್ಸ್ ಲ್ಯಾಂಗ್, ಸತ್ತವರ ದನಿಗಳನ್ನು ಅವನ ಬೆನ್ನಿಗೆ ಹಚ್ಚಿದ. ಆತ್ಮಸಾಕ್ಷಿಯ ಈ ಶಿಕ್ಷೆ ಕೋಡ್ ಕಚೇರಿಗೆ ಸಾಕಾಯಿತು. ನ್ಯೂಯಾರ್ಕ್ ರಾಜ್ಯದ ಸೆನ್ಸಾರಿಗೆ ಸಾಲದೆ 1946ರಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು.

ಕೋಡ್ 1968ಕ್ಕೇ ಮುಗಿಯಿತಲ್ಲ, ಆಮೇಲೂ ಅಂತ್ಯಗಳೇಕೆ ಬದಲಾದವು ಎಂದು ಕೇಳಬಹುದು. ಕಾವಲುಗಾರ ಬದಲಾದ, ಕಾವಲು ತಪ್ಪಲಿಲ್ಲ. 1988ರ ಡಚ್ ಚಿತ್ರ ‘ಸ್ಪೋರ್‌ಲೋಸ್’ನಲ್ಲಿ ಕಾಣೆಯಾದ ಪ್ರಿಯತಮೆಯನ್ನು ಹುಡುಕುವವನು ಕೊನೆಗೆ ಜೀವಂತ ಹೂತುಹೋಗುತ್ತಾನೆ, ಕೊಲೆಗಾರ ಸಂಸಾರದೊಂದಿಗೆ ಆರಾಮವಾಗಿರುತ್ತಾನೆ. ನಿರ್ದೇಶಕ ಜಾರ್ಜ್ ಸ್ಲೌಸರ್ ತಾನೇ 1993ರಲ್ಲಿ ಅದನ್ನು ಹಾಲಿವುಡ್ಡಿಗೆ ತೆಗೆದಾಗ ನಾಯಕ ಮಣ್ಣಿನಿಂದ ಎದ್ದುಬಂದು ಕೊಲೆಗಾರನನ್ನು ಕೊಲ್ಲುತ್ತಾನೆ. ಸೆನ್ಸಾರಿಗೆ ಬೇಕಿದ್ದದ್ದು ಕಾನೂನಿನ ಗೆಲುವು. ಟಿಕೆಟ್ ಕೊಂಡವನಿಗೆ ಬೇಕೆಂದು ಸ್ಟುಡಿಯೊ ಎಣಿಸಿದ್ದು ಸೇಡು.

ಇದು ಅಮೆರಿಕದವರ ನೀತಿಬೋಧೆಯ ಚಟ ಎಂದು ಕೈತೊಳೆದುಕೊಳ್ಳುವಂತಿಲ್ಲ. 2002ರ ಹಾಂಗ್‌ಕಾಂಗ್ ಚಿತ್ರ ‘ಇನ್ಫರ್ನಲ್ ಅಫೇರ್ಸ್’ನಲ್ಲಿ ಪೊಲೀಸ್ ಇಲಾಖೆಯೊಳಗೆ ಗ್ಯಾಂಗ್ ನೆಟ್ಟ ಗೂಢಚಾರ ಸಿಕ್ಕಿಬೀಳದೆ ಉಳಿಯುತ್ತಾನೆ. ಚೀನಾದ ಮುಖ್ಯಭೂಮಿಗೆಂದು ತೆಗೆದ ಬೇರೆ ಅಂತ್ಯದಲ್ಲಿ ಮಾತ್ರ ಅವನಿಗೆ ಬೇಡಿ ಬೀಳುತ್ತದೆ. ಸ್ಕಾರ್ಸೆಸಿಯ ‘ದಿ ಡಿಪಾರ್ಟೆಡ್’ನಲ್ಲಿ (2006) ಅದೇ ಪಾತ್ರವನ್ನು ಅವನ ಮನೆಯಲ್ಲೇ ಕಾದು ನಿಂತ ಪೊಲೀಸ್ ಅಧಿಕಾರಿಯೊಬ್ಬ ಕೋರ್ಟು ಕಚೇರಿಯ ಗೊಡವೆಯಿಲ್ಲದೆ ಗುಂಡಿಟ್ಟು ಕೊಲ್ಲುತ್ತಾನೆ. ಒಂದೇ ಕಥೆಗೆ ಸರ್ಕಾರ ಕಾಯುವಲ್ಲಿ ಬಂಧನ, ಮಾರುಕಟ್ಟೆ ಕಾಯುವಲ್ಲಿ ಸೇಡು.

ಹಾಗೆಂದು ತಿದ್ದಿದ ಅಂತ್ಯವೆಲ್ಲ ಕೆಟ್ಟದ್ದೆನ್ನುವುದೂ ಅವಸರದ ತೀರ್ಪು. ಕೋಡಿನ ಒತ್ತಾಯದ ನಡುವೆ ಲ್ಯಾಂಗ್ ಕಂಡುಕೊಂಡ ಶಿಕ್ಷೆ ನೇಣಿಗಿಂತ ಕ್ರೂರ. ರೆನ್ವಾರ್‌ನ ನಗೆಯಷ್ಟೇ ಗಟ್ಟಿ. ಸ್ಲೌಸರ್‌ನ ಎರಡನೆಯ ಅಂತ್ಯ ಸೋತದ್ದು ಅದರಲ್ಲಿ ಶಿಕ್ಷೆ ಇದೆಯೆಂದಲ್ಲ, ಕೊಲೆಗಾರ ಹುಟ್ಟಿಸಿದ್ದ ಭಯವನ್ನು ಆ ಶಿಕ್ಷೆ ಅಳಿಸಿಬಿಟ್ಟಿತೆಂದು.